ಎರಡು ಟೇಪಿನ ಗೋಡೆ

"ಬಡಗಿ ಆ ಕಡೆ ಇದ್ದ," ಎಂದರು ಮನೆಯ ಅಣ್ಣತಮ್ಮಂದಿರಲ್ಲಿ ಅಣ್ಣ.

"ಆ ಕಡೆ ಅಂದ್ರೆ?"

"ಗೋಡೆಯ ಆ ಕಡೆ ಮೇಡಂ. ಕೊನೇ ಹಲಗೆ ಕೂರಿಸುವಾಗ ನಾನು ಈ ಕಡೆ, ಅವನು ಆ ಕಡೆ. ಹಲಗೆ ಕೂತಿತು, ಅವನು ಅಲ್ಲೇ ಉಳಿದ. ಹಿಂಬಾಗಿಲಿಂದ ಹೋಗಿರ್ತಾನೆ. ಇನ್ನೆಷ್ಟು ಸಲ ಹೇಳಲಿ?"

ನಾನು ಮುಂಬಾಗಿಲಿಂದ ಹೊರಬಿದ್ದೆ. ಬೀದಿಗಿಳಿದು, ಮೂಲೆ ತಿರುಗಿ, ಕಸದ ಡಬ್ಬಿಗಳ ಸಂದಿಯಲ್ಲಿ ಮೂಗು ಮುಚ್ಚಿಕೊಂಡು ನಡೆದು, ಹನ್ನೊಂದು ಮೆಟ್ಟಿಲು ಹತ್ತಿ ಅದೇ ಮನೆಯ ಹಿಂಬಾಗಿಲು ತಟ್ಟಿದೆ. ಒಂದು ಹಾಲ್‌ನ ಈ ತುದಿಯಿಂದ ಆ ತುದಿಗೆ ಹೋಗಲು ಈಗ ಇದೊಂದೇ ದಾರಿ. ಗೋಡೆ ಬರುವ ಮುಂಚೆ ಹತ್ತು ಹನ್ನೆರಡು ಹೆಜ್ಜೆ ಹಾಕಿದ್ದರೆ ಸಾಕಿತ್ತು.

"ಬಡಗಿ ಆ ಕಡೆ ಇದ್ದ," ಎಂದ ಅವರ ತಮ್ಮ.

"ಯಾವ ಕಡೆ ಮಾರಾಯ?"

"ಗೋಡೆಯ ಆ ಕಡೆ. ಅವರ ಕಡೆ. ಹಲಗೆ ಕೂರಿಸಿದ್ದಾಯ್ತು, ಅವನು ಅಲ್ಲೇ ಉಳಿದ. ಮುಂಬಾಗಿಲಿಂದ ಹೋಗಿರ್ತಾನೆ ಬಿಡಿ."

ಬಡಗಿ ನಾಪತ್ತೆಯಾಗಿ ಅಂದಿಗೆ ಮೂರು ದಿನ. ಮಂಗಳವಾರ ಬೆಳಿಗ್ಗೆ ಈ ಮನೆಯೊಳಗೆ ಹೋದದ್ದನ್ನು ಕಂಡವರಿದ್ದರು, ಹೊರಗೆ ಬಂದದ್ದನ್ನು ಕಂಡವರು ಒಬ್ಬರೂ ಇರಲಿಲ್ಲ.

ವಿಮಾ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಸುಟ್ಟುಹೋದ ಅಂಗಡಿಗಳ ಬೂದಿ ಕೆದಕಿ ಸುಳ್ಳು ಹೆಕ್ಕಿದವಳು ನಾನು. ಸುಳ್ಳು ಹೇಳುವವರ ಮುಖ ನನಗೆ ಹೊಸದಲ್ಲ. ತಲೆ ಚಿಟ್ಟು ಹಿಡಿದದ್ದು ಬೇರೆ ಕಾರಣಕ್ಕೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತಿತ್ತು. ಆದರೆ ಇಬ್ಬರ ನಿಜವನ್ನೂ ಕೂಡಿಸಿದರೆ ಬಡಗಿ ಗೋಡೆಯ ಎರಡೂ ಕಡೆ ಇದ್ದ, ಇಲ್ಲವೇ ಎರಡೂ ಕಡೆ ಇರಲಿಲ್ಲ.

ಗೋಡೆಯೊಳಗೆ ಸೇರಿಕೊಂಡನೇ ಎಂದರೆ ಅದರ ದಪ್ಪ ಎರಡು ಬೆರಳು. ಹಲ್ಲಿ ಕೂಡ ಉಸಿರು ಬಿಗಿಹಿಡಿದೇ ನುಸುಳಬೇಕು.

ತಮ್ಮನ ಕಡೆಯ ಸ್ಟೂಲಿನ ಮೇಲೆ ಬಡಗಿಯ ಹೆಂಡತಿ ಕೂತಿದ್ದಳು. ನನ್ನನ್ನು ಕೆಲಸಕ್ಕೆ ಹಚ್ಚಿದವಳು ಅವಳೇ. ಬಟ್ಟೆ ಹೊಲಿಯುತ್ತಾಳೆ, ಗಿರಾಕಿಗಳೆಲ್ಲ ಟೈಲರಮ್ಮ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಮೂರು ದಿನದಿಂದ ಅನ್ನ ನೀರು ಬಿಟ್ಟ ಮುಖ. ಮಡಿಲಲ್ಲಿ ಗಂಡನ ಹತಾರಗಳ ಚೀಲ. ಉಳಿ, ಸುತ್ತಿಗೆ, ಗರಗಸ, ಎಲ್ಲವೂ ಹಾಗೇ ಇದ್ದವು.

"ಅಕ್ಕಾ, ನನಗೆ ಒಂದು ಗೊತ್ತಾದ್ರೆ ಸಾಕು," ಎಂದಳು. ಮೊದಲ ದಿನದಿಂದ ಅವಳದು ಇದೇ ಮಾತು. "ಅವ್ರಿಗೆ ಯಾರಾದ್ರೂ ಏನಾದ್ರೂ ಮಾಡಿದ್ರಾ, ಇಲ್ಲಾ ಅವ್ರೇ ನನ್ನ ಬಿಟ್ಟು ಹೋದ್ರಾ? ಎರಡರಲ್ಲಿ ಒಂದು. ಯಾವುದಾದ್ರೂ ತಡ್ಕೋತೀನಿ. ಗೊತ್ತಿಲ್ದೆ ಹೀಗೆ ಕೂತಿರೋಕೆ ಮಾತ್ರ ಆಗ್ತಿಲ್ಲ."

ನನ್ನ ಕನಿಕರದಿಂದ ಅವಳಿಗೇನು ಲಾಭ? ಮತ್ತೆ ಗೋಡೆಯ ಮುಂದೆ ಹೋಗಿ ನಿಂತೆ.

ಈ ಗೋಡೆಯ ಕಥೆ ಇಷ್ಟು. ಅಣ್ಣ ಮನೆಯಲ್ಲೇ ಕೂತು ಪಠ್ಯಪುಸ್ತಕಗಳ ಕರಡು ತಿದ್ದುವವರು, ಅವರಿಗೆ ಸೂಜಿ ಬಿದ್ದ ಸದ್ದೂ ಆಗಬಾರದು. ತಮ್ಮ ಗಡಿಯಾರ ರಿಪೇರಿಯವನು, ಅವನ ಬಳಿ ಯಾವಾಗಲೂ ನಲವತ್ತು ಐವತ್ತು ಗಡಿಯಾರ. ಒಂದಕ್ಕೊಂದು ತಾಳೆಯಿಲ್ಲದೆ ಒಂದು ಗಂಟೆಯನ್ನು ಏಳು ನಿಮಿಷ ಹೊಡೆಯುತ್ತವೆ. ಎಂಟು ತಿಂಗಳ ಹಿಂದೆ ಈ ಗದ್ದಲದಲ್ಲಿ ಅಣ್ಣನ ಕಣ್ಣು ತಪ್ಪಿ ಒಂದು ಭೂಗೋಳದ ಪುಸ್ತಕದಲ್ಲಿ ನದಿಯೊಂದು ಬೆಟ್ಟ ಹತ್ತಿ ಹರಿದುಬಿಟ್ಟಿತು. ಕೆಲಸ ಕೈತಪ್ಪುವುದರಲ್ಲಿತ್ತು. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತು ಬಂದ್. ತಮ್ಮನಿಗೆ ಬೇರೆ ಅಂಗಡಿ ಸಿಗುವ ತನಕ ಹಾಲ್ ನಡುವೆ ಒಂದು ತಾತ್ಕಾಲಿಕ ಗೋಡೆ ಇರಲಿ ಎಂದು ಅವರ ಸೋದರತ್ತೆ ಪಂಚಾಯಿತಿ ಮಾಡಿ, ಬಡಗಿಯನ್ನೂ ಗೊತ್ತು ಮಾಡಿಕೊಟ್ಟಿದ್ದರು.

ಬಡಗಿಯ ಕೆಲಸವನ್ನು ಮೆಚ್ಚಬೇಕು. ಮನೆಯ ಗೋಡೆಗೆ ಒಂದು ಮೊಳೆ ತಾಗಿಸಿರಲಿಲ್ಲ. ಮರದ ರೀಪರುಗಳ ಚೌಕಟ್ಟನ್ನು ನೆಲಕ್ಕೂ ಸೂರಿಗೂ ರಬ್ಬರಿನ ತುಂಡಿಟ್ಟು ಬಿಗಿದು ನಿಲ್ಲಿಸಿ, ಅದಕ್ಕೆ ತಮ್ಮನ ಕಡೆಯಿಂದ ಪ್ಲೈವುಡ್ ಹಲಗೆ ಹೊಡೆದಿದ್ದ. ನಾಳೆ ಬಿಚ್ಚಿದರೆ ಗುರುತೂ ಉಳಿಯದು. ನಾಲ್ಕು ದೊಡ್ಡ ಹಲಗೆಗಳು ಒಂದಕ್ಕೊಂದು ಕೂಡಿಕೊಂಡ ಜಾಗದಲ್ಲಿ ಉಗುರು ತೂರಿಸಲೂ ಆಗುತ್ತಿರಲಿಲ್ಲ.

ಐದನೆಯದು ಕಿರಿದಾದ ಹಲಗೆ, ಗೋಡೆಯ ಕೊನೆಯ ಕಿಂಡಿ ಮುಚ್ಚಿದ್ದು. ಅದರ ಒಂದು ಅಂಚಿಗೆ ಪ್ಯಾಕಿಂಗ್ ಪೆಟ್ಟಿಗೆಯ ಪಟ್ಟಿಗಳನ್ನು ಅಡ್ಡಾದಿಡ್ಡಿ ಬಡಿದು ತೇಪೆ ಹಾಕಿತ್ತು. ಒಂದರ ಮೇಲೆ 'ಎಚ್ಚರಿಕೆ, ಗಾಜು' ಎಂಬ ಅಕ್ಷರಗಳು ತಲೆಕೆಳಗಾಗಿ ನಿಂತಿದ್ದವು.

ಟೈಲರಮ್ಮ ಎದ್ದು ಬಂದು ಆ ಪಟ್ಟಿಯ ಮೇಲೆ ಕೈಯಾಡಿಸಿದಳು.

"ಇದು ಅವ್ರ ಕೈ ಅಲ್ಲ ಅಕ್ಕ."

"ಹೇಗೆ ಹೇಳ್ತೀಯ?"

"ತಲೆ ಹೋದ್ರೂ ಅವ್ರು ಹೀಗೆ ತೇಪೆ ಹಾಕಲ್ಲ. ಹಲಗೆ ಕಮ್ಮಿ ಬಂದ್ರೆ ಬಿಸಾಕಿ ಬೇರೆ ಕೊಯ್ತಾರೆ. ಎಷ್ಟು ಕಮ್ಮಿ ಬಂದಿದೆ ನೋಡಿ."

ಅವಳು ಕೊರಳಲ್ಲಿದ್ದ ತನ್ನ ಬಟ್ಟೆಯ ಟೇಪನ್ನು ತೆಗೆದು ಅಳೆದಳು. ಕಿಂಡಿಯ ಅಗಲ ಅರವತ್ತು ಸೆಂಟಿಮೀಟರ್. ಹಲಗೆ ಐವತ್ತು. ತೇಪೆ ಹತ್ತು, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಹತ್ತು," ಎಂದಳು ಟೈಲರಮ್ಮ. ಅವಳ ದನಿ ಬದಲಾಗಿತ್ತು. ಚೀಲಕ್ಕೆ ಕೈ ಹಾಕಿ ತಡಕಾಡಿದಳು. ಸಿಗಲಿಲ್ಲ. ಸುತ್ತ ನೋಡಿದವಳು ತಮ್ಮನ ಮೇಜಿನ ಮೇಲೆ, ಗಡಿಯಾರದ ಚಕ್ರಗಳ ನಡುವೆ ಬಿದ್ದಿದ್ದ ಒಂದು ಉಕ್ಕಿನ ಟೇಪನ್ನು ಎತ್ತಿಕೊಂಡಳು. "ಇದು ನೋಡಿ ಅವ್ರದ್ದು."

ಟೇಪನ್ನು ಎಳೆದು ತೋರಿಸಿದಳು. ಅದರ ತುದಿ ಮುರಿದಿತ್ತು. ಕೊಕ್ಕೆಯೂ ಇಲ್ಲ, ಮೊದಲ ಹತ್ತು ಸೆಂಟಿಮೀಟರೂ ಇಲ್ಲ. ಮುರಿದ ಬಾಯಿಗೆ ಕಪ್ಪು ಅಂಟುಪಟ್ಟಿ ಸುತ್ತಿತ್ತು. ಅಂಕಿ ಶುರುವಾಗುವುದೇ ಹತ್ತರ ನಂತರ.

"ಮೂಗಿಲ್ಲದ ಟೇಪು ಅಂತ ನಾನು ರೇಗಿಸ್ತಿದ್ದೆ. ಹೊಸದು ತಗೊಳ್ಳಿ ಅಂದ್ರೆ ಕೇಳಲ್ಲ. ಕೈಗೆ ಒಗ್ಗಿದೆ ಅಂತಾರೆ."

ನನ್ನ ಕಿವಿ ನೆಟ್ಟಗಾಯಿತು. "ಅಂದ್ರೆ ಬೇರೆ ಯಾರೋ ಈ ಟೇಪಲ್ಲಿ ಅಳೆದು ಹಲಗೆ ಕೊಯ್ದಿದ್ದಾರೆ. ಮೂಗಿಲ್ಲ ಅನ್ನೋದು ಗೊತ್ತಿಲ್ದೆ ಹತ್ತು ಕಮ್ಮಿ ಮಾಡ್ಕೊಂಡಿದ್ದಾರೆ. ಅಷ್ಟೇ ಅಲ್ವಾ?"

"ಅಲ್ಲ ಅಕ್ಕ. ಹಾಗಾಗಲ್ಲ."

"ಯಾಕಾಗಲ್ಲ?"

"ನನ್ನ ಟೇಪು ಕಳೆದುಹೋದಾಗ ಒಂದು ವಾರ ಇದರಲ್ಲೇ ಕಿಟಕಿ ಪರದೆ ಹೊಲಿದಿದ್ದೀನಿ. ಎಲ್ಲಾ ಸರಿಯಾಗೇ ಬಂತು. ಅಳೆಯುವಾಗ ಹತ್ತು ಜಾಸ್ತಿ ತೋರ್ಸುತ್ತೆ, ಬಟ್ಟೆ ಮೇಲೆ ಗುರುತು ಹಾಕುವಾಗಲೂ ಅದೇ ಹತ್ತು ಜಾಸ್ತಿ ತೋರ್ಸುತ್ತೆ. ಒಂದಕ್ಕೊಂದು ಸರಿಹೋಗುತ್ತೆ."

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ತಲೆ ಗಿರ್ರೆಂದಿತು. ಅವಳು ನನ್ನ ಪಾಡು ನೋಡಲಾರದೆ ಒಂದು ಹಳೆ ಪತ್ರಿಕೆಯ ಹಾಳೆ ತೆಗೆದು, ಮೂಗಿಲ್ಲದ ಟೇಪಿನಿಂದ ಸ್ಟೂಲನ್ನು ಅಳೆದು, ಅದೇ ಟೇಪಿನಿಂದ ಹಾಳೆಯ ಮೇಲೆ ಗುರುತು ಹಾಕಿ ಕತ್ತರಿಸಿದಳು. ಹಾಳೆ ಸ್ಟೂಲಿನ ಮೇಲೆ ಅಚ್ಚುಕಟ್ಟಾಗಿ ಕೂತಿತು.

"ಹಾಗಿದ್ರೆ ಹತ್ತು ಕಮ್ಮಿ ಆಗೋದು ಯಾವಾಗ?"

"ಅಳೆದದ್ದು ಸರಿಯಿರೋ ಟೇಪಲ್ಲಿ, ಗುರುತು ಹಾಕಿದ್ದು ಇದರಲ್ಲಿ. ಆಗ ಮಾತ್ರ."

ಎರಡು ಟೇಪು. ಒಬ್ಬನೇ ಮನುಷ್ಯ ಒಂದು ಟೇಪಲ್ಲಿ ಅಳೆದು ಇನ್ನೊಂದರಲ್ಲಿ ಗುರುತು ಹಾಕುವುದಿಲ್ಲ. ಕೊನೆಯ ಹಲಗೆಯನ್ನು ಅಳೆದವರು ಒಬ್ಬರು, ಕೊಯ್ದವರು ಇನ್ನೊಬ್ಬರು. ಆ ಇಬ್ಬರಲ್ಲಿ ಒಬ್ಬನಂತೂ ಈಗ ನನ್ನ ಬೆನ್ನ ಹಿಂದೆ ಗಡಿಯಾರದ ಮುಳ್ಳು ಒರೆಸುವ ನಾಟಕ ಆಡುತ್ತಿದ್ದ.

"ಈ ಹಲಗೆ ಕೊಯ್ದದ್ದು ನೀನೇ ತಾನೆ?" ಎಂದೆ ತಿರುಗದೆ.

ಮುಳ್ಳು ಒರೆಸುವುದು ನಿಂತಿತು.

"ಹೌದು."

"ಮೂರು ದಿನದಿಂದ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ. ಬಡಗಿ ಎಲ್ಲಿದ್ದ ಅಂತ ಕೇಳಿದ್ರಿ, ಆ ಕಡೆ ಇದ್ದ ಅಂದೆ." ತೇಪೆಯ ಕಡೆ ಒಮ್ಮೆ ನೋಡಿ ತಲೆ ಕೆರೆದುಕೊಂಡ. "ಅದನ್ನ ನಾನೇ ಮಾಡಿದ್ದು ಅಂತ ಹೇಳ್ಕೊಳ್ಳೋಕೂ ಒಂದು ಮುಖ ಬೇಕಲ್ಲ ಮೇಡಂ."

"ಅಳತೆ ಕೊಟ್ಟವರು ಯಾರು?"

"ಬಡಗಿಯೇ. ಕಿಂಡಿಗೆ ಧೂಳು ತಡೆಯೋ ಬಟ್ಟೆ ಇಳಿಬಿಟ್ಟಿದ್ದ. ಅದರ ಕೆಳಗಿಂದ ಚೀಟಿ ತೂರಿಸಿದ."

ಗಿರಾಕಿಗಳ ಚೀಟಿ ಚುಚ್ಚಿಡುವ ತಂತಿಯಿಂದ ಅದನ್ನೂ ತೆಗೆದುಕೊಟ್ಟ. ಚೀಟಿಯಲ್ಲಿ ಅರವತ್ತು ಎಂಬ ಅಂಕಿ ಬಿಟ್ಟರೆ ಏನೂ ಇರಲಿಲ್ಲ. ಅಂಕಿ ಕೆಂಪು ಶಾಯಿಯಲ್ಲಿತ್ತು.

ಬಡಗಿ ಬರೆಯುವುದು ಕಿವಿಗೆ ಸಿಕ್ಕಿಸಿಕೊಂಡ ಸೀಸದ ಕಡ್ಡಿಯಲ್ಲಿ. ಕೆಂಪು ಶಾಯಿಯ ಪೆನ್ನು ಈ ಮನೆಯಲ್ಲಿ ಯಾರ ಜೇಬಿನಲ್ಲಿರುತ್ತದೆಂದು ಬೀದಿಯ ನಾಯಿಗೂ ಗೊತ್ತು.

"ಏಳು, ಚಪ್ಪಲಿ ಮೆಟ್ಟಿಕೋ," ಎಂದೆ.

"ಎಲ್ಲಿಗೆ?"

"ಆ ಕಡೆಗೆ."

"ಅಲ್ಲಿಗೆ ನಾನು ಬರಲ್ಲ. ಎಂಟು ತಿಂಗಳಾಯ್ತು."

"ಇವಳಿಗೆ ಮೂರು ದಿನ ಆಯ್ತು," ಎಂದೆ ಟೈಲರಮ್ಮನನ್ನು ತೋರಿಸಿ. ಅವನು ಎದ್ದು ಚಪ್ಪಲಿ ಹುಡುಕಿದ.

ಮೂವರೂ ಮೆರವಣಿಗೆ ಹೊರಟಂತೆ ಬೀದಿ ಸುತ್ತಿ ಮುಂಬಾಗಿಲಿಗೆ ಬಂದೆವು. ತಮ್ಮನನ್ನು ಹೊಸ್ತಿಲಲ್ಲಿ ಕಂಡ ಅಣ್ಣ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇವರನ್ನ ಯಾಕೆ ಕರ್ಕೊಂಡು ಬಂದ್ರಿ?" ಎಂದು ನನ್ನನ್ನು ಕೇಳಿದರು.

"ನಾನೇನು ಕುಣ್ಕೊಂಡು ಬಂದಿಲ್ಲ ಅಂತ ಅವರಿಗೆ ಹೇಳಿ," ಎಂದ ತಮ್ಮ, ನನಗೇ.

ಚೀಟಿಯನ್ನು ಅಣ್ಣನ ಮೇಜಿನ ಮೇಲಿಟ್ಟೆ. ಅಲ್ಲಿ ಕೆಂಪು ಗೆರೆಗಳಿಂದ ತುಂಬಿದ ಕರಡಿನ ಹಾಳೆಗಳಿದ್ದವು, ಪಕ್ಕದಲ್ಲೇ ಪುಸ್ತಕ ಜಾರದಂತೆ ಒತ್ತಿಟ್ಟ ಒಂದು ಉಕ್ಕಿನ ಟೇಪು. ಎಳೆದು ನೋಡಿದೆ. ಕೊಕ್ಕೆಯೂ ಇತ್ತು, ಒಂದರಿಂದ ಹತ್ತೂ ಇತ್ತು.

"ಇದನ್ನ ಬರೆದದ್ದು ನೀವು?"

"ನಾನೇ. ಕಿಂಡಿ ಅಳೆದು ಕೊಡಿ ಅಂತ ಬಡಗಿ ಕೇಳಿದ. ನಿಮ್ಮ ಟೇಪಲ್ಲೇ ಅಳೀರಿ, ನಾನು ಆ ಕಡೆ ಹೋಗಿ ಹಲಗೆ ರೆಡಿ ಮಾಡ್ಕೋತೀನಿ ಅಂದ. ನನ್ನ ಟೇಪು ಎಲ್ಲಿತ್ತೋ! ಒಳಗಿನ ಕೋಣೆಯ ಕಪಾಟೆಲ್ಲ ಹುಡುಕಿ ತಂದು, ಅಳೆದು, ಬಟ್ಟೆ ಕೆಳಗೆ ಚೀಟಿ ತೂರಿಸಿದೆ. ಬಡಗಿ ತಗೊಂಡ."

"ಬಡಗಿ ತಗೊಂಡದ್ದು ನೀವು ಕಂಡ್ರಾ?"

"ಕೈ ಕಂಡೆ. ಆ ಕಡೆಯಿಂದ ಒಂದು ಕೈ ಬಂದು ಚೀಟಿ ಎಳ್ಕೊಂಡಿತು."

"ಅದು ನನ್ನ ಕೈ," ಎಂದ ತಮ್ಮ.

ಈ ಸಲ ಅವನು ನನಗೆ ಹೇಳಲಿಲ್ಲ. ನೇರ ಅಣ್ಣನಿಗೇ ಹೇಳಿದ.

ಅಣ್ಣ ಕೇಳುವ ಮೊದಲೇ ಅವನು ಮುಂದುವರಿಸಿದ.

"ಬಡಗಿ ನನಗೆ, ನಾನು ಆ ಕಡೆ ಹೋಗಿ ಅಳತೆ ಕೊಡ್ತೀನಿ, ನೀವು ಕೊಯ್ದು ಕೂರಿಸಿ ಅಂದ. ಇವತ್ತು ನಾನೊಬ್ಬನೇ ಬಂದಿರೋದು, ಆ ಕಡೆಯಿಂದ ಹಲಗೆ ಒತ್ತಿ ಹಿಡೀಬೇಕು ಅಂದ. ಧೂಳಿಗೆ ಮೂತಿ ಕಟ್ಕೊಂಡಿರ್ತೀನಿ, ಮಾತಾಡಲ್ಲ, ಒಂದು ಸಲ ತಟ್ಟಿದ್ರೆ ತಡೀರಿ, ಎರಡು ಸಲ ತಟ್ಟಿದ್ರೆ ಸ್ಕ್ರೂ ಹೊಡೀರಿ ಅಂದ."

"ನನಗೂ ಅದನ್ನೇ ಹೇಳಿದ," ಎಂದರು ಅಣ್ಣ. ದನಿ ತಗ್ಗಿತ್ತು. "ನಾನು ಆ ಕಡೆಯಿಂದ ಹಲಗೆ ಕೂರಿಸ್ತೀನಿ, ನೀವು ಒತ್ತಿ ಹಿಡೀರಿ. ಸೊಟ್ಟ ಕಂಡ್ರೆ ಒಂದು ಸಲ ತಟ್ಟಿ, ನೆಟ್ಟಗಾದ್ರೆ ಎರಡು ಸಲ ತಟ್ಟಿ ಅಂದ."

"ಹಾಗಿದ್ರೆ ಎರಡು ಸಲ ತಟ್ಟಿದ್ದು..." ಎಂದ ತಮ್ಮ.

"ನಾನು. ಸ್ಕ್ರೂ ಹೊಡೆದದ್ದು?"

"ನಾನು."

ಅಂದರೆ ಮಂಗಳವಾರ ಮಧ್ಯಾಹ್ನ ಈ ಇಬ್ಬರು, ಎಂಟು ತಿಂಗಳಿಂದ ಒಬ್ಬರ ಮುಖ ಒಬ್ಬರು ನೋಡದವರು, ಒಂದೇ ಹಲಗೆಯ ಎರಡು ಕಡೆ ಕೈಯಿಟ್ಟು, ತಟ್ಟಿ, ಮರುತಟ್ಟಿ, ತಮ್ಮ ನಡುವಿನ ಗೋಡೆಯನ್ನು ತಾವೇ ಜೊತೆಗೂಡಿ ಮುಗಿಸಿದ್ದರು. ಇಬ್ಬರೂ ಆ ಕಡೆಯ ಕೈ ಬಡಗಿಯದೆಂದುಕೊಂಡಿದ್ದರು. ಬಟ್ಟೆಯ ಆಚೆ ಈಚೆ ಮೂರನೆಯವನು ಇರಲೇ ಇಲ್ಲ.

"ಮೂರು ಸಲ ಸೊಟ್ಟ ಕೂರಿಸಿದೆಯಲ್ಲೋ," ಎಂದರು ಅಣ್ಣ.

"ನೀನು ಒಂದೇ ಸಮ ತಟ್ಟುತ್ತಿದ್ದರೆ ನೆಟ್ಟಗೆ ಕೂರುತ್ತಾ? ಬಡಗಿಗೆ ಇವತ್ತೇನೋ ಹುಚ್ಚು ಹಿಡಿದಿದೆ ಅಂದ್ಕೊಂಡೆ."

"ಕೆಂಪು ಶಾಯಿ ಕಂಡೂ ಗೊತ್ತಾಗಲಿಲ್ವಾ ನಿನಗೆ?"

"ನಿನ್ನ ಪೆನ್ನು ಇಸ್ಕೊಂಡು ಬರೆದಿರ್ತಾನೆ ಅಂದ್ಕೊಂಡೆ. ಸದ್ಯ ಅಂಕಿ ಮಾತ್ರ ಬರೆದಿದ್ದೆ, ಇಲ್ಲದಿದ್ರೆ ಅದನ್ನೂ ತಿದ್ದಿ ಕಳಿಸ್ತಿದ್ದೆ."

"ಆಮೇಲೆ ಜಗಳ ಆಡಿ," ಎಂದೆ. ಎಂಟು ತಿಂಗಳ ಬಾಕಿಯನ್ನೆಲ್ಲ ಇಂದೇ ತೀರಿಸಿಕೊಳ್ಳುವ ಹುರುಪಿನಲ್ಲಿದ್ದರು. "ಬಟ್ಟೆ ಇಳಿಬಿಟ್ಟದ್ದು ಎಷ್ಟು ಗಂಟೆಗೆ?"

"ಹನ್ನೊಂದು ನಲವತ್ತೆರಡು," ಎಂದ ತಮ್ಮ ತಟ್ಟನೆ. ಬೇರೆಯವರಾಗಿದ್ದರೆ ಮಧ್ಯಾಹ್ನದ ಹೊತ್ತು ಎನ್ನುತ್ತಿದ್ದರು.

ಈಗ ಬಡಗಿ ಹೋದ ದಾರಿ ಕಾಣತೊಡಗಿತು. ಅಣ್ಣನಿಗೆ ಆ ಕಡೆ ಹೋಗ್ತೀನಿ ಅಂದ, ಬಟ್ಟೆಯಡಿ ನುಸುಳಿದ. ತಮ್ಮನಿಗೆ ಈ ಕಡೆ ಹೋಗ್ತೀನಿ ಅಂದ, ಮತ್ತೆ ನುಸುಳಿದ. ಅಷ್ಟರಲ್ಲಿ ಅಣ್ಣ ಒಳಗಿನ ಕೋಣೆಯಲ್ಲಿ ಕಪಾಟಿನೊಳಗೆ ತಲೆ ತೂರಿಸಿದ್ದರು. ಬಡಗಿ ಬರಿಗೈಯಲ್ಲಿ ಮುಂಬಾಗಿಲು ದಾಟಿ ಹೋದ. ಲೆಕ್ಕಾಚಾರವೆಲ್ಲ ಪಕ್ಕಾ, ಒಂದನ್ನು ಬಿಟ್ಟು. ಸದಾ ಒಬ್ಬನೇ ಅಳೆದು ಒಬ್ಬನೇ ಕೊಯ್ಯುವವನಿಗೆ ತನ್ನ ಟೇಪಿಗೆ ಮೂಗಿಲ್ಲವೆಂಬುದು ಮರೆತೇಹೋಗಿತ್ತು.

ಆದರೆ ಯಾಕೆ? ಹೋಗಬೇಕೆಂದರೆ ಹೇಳಿ ಹೋಗಬಹುದಿತ್ತು. ಇವರೇನು ಅವನ ಕಾಲಿಗೆ ಸರಪಣಿ ಹಾಕಿದ್ದರೇ? ಒಂದು ಗಂಟು ಬಿಚ್ಚಿದರೆ ಕೈಗೆ ಎರಡು ಸಿಕ್ಕವು.

ಟೈಲರಮ್ಮ ಕಂಬದಂತೆ ನಿಂತಿದ್ದಳು.

"ಅಂದ್ರೆ ಯಾರೂ ಏನೂ ಮಾಡಿಲ್ಲ," ಎಂದಳು. "ಅವ್ರೇ ಹೋದ್ರು."

"ನಿಲ್ಲಿ ನಿಲ್ಲಿ," ಎಂದ ತಮ್ಮ. "ವಾಪಸ್ ಬರೋನಿದ್ದ ಅವನು. ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದ, ಪಟ್ಟಿ ಕಿತ್ತುಹೋಗಿದೆ, ಹಾಕಿಡಿ, ಎರಡು ಗಂಟೆಗೆ ತಗೋತೀನಿ ಅಂತ. ಈಗಲೂ ನನ್ನ ಹತ್ರಾನೇ ಇದೆ."

ನನಗೂ ಹಾಗೆಯೇ ಅನ್ನಿಸಿತು. ಮನೆ ಬಿಟ್ಟು ಹೋಗುವ ಬಡಗಿ ಉಳಿಯನ್ನು ಬಿಟ್ಟು ಹೋಗುವುದಿಲ್ಲ. ಎರಡು ಗಂಟೆಯವರೆಗೂ ತಾನು ಇಲ್ಲೇ ಇದ್ದೆನೆಂದು ಯಾರನ್ನೋ ನಂಬಿಸಬೇಕಿತ್ತು ಅವನಿಗೆ. ಈ ಅಣ್ಣತಮ್ಮಂದಿರ ಕಣ್ಣಿಗೆ ಮಣ್ಣೆರಚಿ ಅವನಿಗೇನೂ ಆಗಬೇಕಾದ್ದಿಲ್ಲ. ಹಾಗಿದ್ದರೆ ಯಾರನ್ನು?

"ಮಂಗಳವಾರ ಬಡಗಿ ಇದ್ದಾನಾ ಅಂತ ಇಲ್ಲಿ ಯಾರಾದ್ರೂ ವಿಚಾರಿಸಿದ್ರಾ?" ಎಂದೆ ಅಣ್ಣನಿಗೆ.

"ಮನೆಗೆ ಯಾರೂ ಬರಲಿಲ್ಲ. ಫೋನ್ ಬಂತು. ಒಬ್ಬರು ಹೆಂಗಸು. ಹನ್ನೆರಡಕ್ಕೆ ಒಂದು ಸಲ, ಒಂದಕ್ಕೆ ಒಂದು ಸಲ, ಎರಡಕ್ಕೆ ಒಂದು ಸಲ. ಕೆಲಸ ಮಾಡ್ತಿದ್ದಾರಾ ಅಂತ ಕೇಳಿದ್ರು. ಮಾಡ್ತಿದ್ದಾನೆ, ಆ ಕಡೆ ಇದ್ದಾನೆ, ಸದ್ದು ಕೇಳಿಸ್ತಿಲ್ವಾ ಅಂದೆ."

"ಯಾರದು?"

"ನಾನೇ," ಎಂದಳು ಟೈಲರಮ್ಮ.

ನಾನು ಅವಳ ಕಡೆ ತಿರುಗಿದೆ. ನನಗೆ ಸಿಟ್ಟು ನೆತ್ತಿಗೇರಿತು. ಮೂರು ದಿನ ನನ್ನನ್ನು ಬೀದಿ ಸುತ್ತಿಸಿದವಳು ಇದನ್ನು ಹೇಳಿರಲಿಲ್ಲ.

"ಅವ್ರು ಮೊಬೈಲ್ ಇಟ್ಕೊಳ್ಳಲ್ಲ, ಎಲ್ಲೇ ಕೆಲಸಕ್ಕೆ ಹೋದ್ರೂ ಆ ಮನೆಯ ನಂಬರ್ ಇಸ್ಕೋತೀನಿ ಅಕ್ಕ. ಗಂಟೆಗೊಂದು ಸಲ ಮಾಡ್ತೀನಿ. ಆರು ವರ್ಷ ಆಯ್ತು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಆರು ವರ್ಷದ ಹಿಂದೆ ಹೀಗೇ ಕೆಲಸಕ್ಕೆ ಅಂತ ಹೋದವ್ರು ಹನ್ನೊಂದು ದಿನ ಬರಲಿಲ್ಲ. ನಾನು ಸತ್ತು ಬದುಕಿದೆ. ಆಮೇಲೆ ಬಂದ್ರು. ಅಮ್ಮ ತೀರ್ಕೊಂಡ್ರು ಅಂದ್ರು. ನನಗೂ ಅತ್ತೆಗೂ ಎಣ್ಣೆ ಸೀಗೆಕಾಯಿ, ಅವ್ರು ಬೇರೆ ಇದ್ರು. ನಿನಗೆ ಹೇಳಿದ್ರೆ ನೀನು ಬರ್ತಿರ್ಲಿಲ್ಲ, ಅದಕ್ಕೇ ಒಬ್ಬನೇ ಎಲ್ಲಾ ಮುಗಿಸಿ ಬಂದೆ ಅಂದ್ರು. ಅಮ್ಮನ್ನ ಕಳ್ಕೊಂಡವ್ರ ಹತ್ರ ಏನಂತ ಜಗಳ ಆಡ್ಲಿ? ಸುಮ್ನಾದೆ. ಆದ್ರೆ ಅವತ್ತಿಂದ ಫೋನ್ ಮಾಡದೆ ನನಗೆ ಸೂಜಿಗೆ ದಾರ ಪೋಣಿಸೋಕೂ ಆಗಲ್ಲ."

"ಇದನ್ನ ಮೊದಲೇ ಹೇಳಬೇಕಿತ್ತಲ್ಲಮ್ಮ."

"ಹೇಳಿದ್ರೆ ನೀವೂ ಪೊಲೀಸರ ಹಾಗೇ, ಒಂದು ಸಲ ಹೋಗಿ ಬಂದವನು ಈಗ್ಲೂ ಬರ್ತಾನೆ ಹೋಗು ಅಂತಿದ್ರಿ." ಅವಳ ಕಣ್ಣು ತುಂಬಿತು. "ನನಗೋಸ್ಕರಾನೇ ಇಷ್ಟೆಲ್ಲ ಹೂಡಿದ್ದಾರೆ ಅಲ್ವಾ? ನಾನು ಫೋನ್ ಮಾಡಿದಾಗ ಇಲ್ಲೇ ಇದ್ದಾನೆ ಅಂತ ಯಾರಾದ್ರೂ ಹೇಳ್ಲಿ ಅಂತ. ಅವ್ರಿಗೆ ಅಷ್ಟು ಸಾಕಾಗಿಹೋಗಿದ್ದೆ ನಾನು."

ನನ್ನ ಸಿಟ್ಟು ಇಳಿದುಹೋಯಿತು. ಹೆಂಡತಿಯ ಕಣ್ಣು ತಪ್ಪಿಸಿ ಎರಡು ಗಂಟೆ ಎಲ್ಲಿಗೋ ಹೋದವನು ಮೂರು ದಿನವಾದರೂ ಬಂದಿರಲಿಲ್ಲ. ಎಲ್ಲಿಗೆ ಹೋದನೆಂಬುದು ಮಾತ್ರ ಇನ್ನೂ ಕತ್ತಲು.

ಅಣ್ಣ ಗಂಟಲು ಸರಿಮಾಡಿಕೊಂಡರು.

"ಇನ್ನೊಬ್ಬರೂ ಫೋನ್ ಮಾಡ್ತಿದ್ದಾರೆ ಮೇಡಂ. ಅದು ಇದಕ್ಕೆ ಸಂಬಂಧ ಇದೆಯೋ ಇಲ್ಲವೋ."

"ಯಾರು?"

"ವಯಸ್ಸಾದ ಹೆಂಗಸು. ಮಂಗಳವಾರ ಸಂಜೆಯಿಂದ ಶುರು. ಪುಟ್ಟು ಕೆಲಸ ಮುಗೀತಾ ಅಂತ ಕೇಳ್ತಾರೆ. ಪುಟ್ಟು ಅನ್ನೋರು ಇಲ್ಲಿ ಯಾರೂ ಇಲ್ಲ, ರಾಂಗ್ ನಂಬರ್ ಅಂತೀನಿ. ಮರುದಿನ ಮತ್ತೆ ಮಾಡ್ತಾರೆ. ಇವತ್ತು ಬೆಳಿಗ್ಗೆಯೂ ಬಂದಿತ್ತು."

"ನಿನ್ನ ಗಂಡನ್ನ ಯಾರಾದ್ರೂ ಪುಟ್ಟು ಅಂತ ಕರೀತಾರಾ?" ಎಂದು ಟೈಲರಮ್ಮನನ್ನು ಕೇಳಿದೆ.

ಅವಳು ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ತಲೆಯಾಡಿಸುವುದನ್ನು ಅರ್ಧಕ್ಕೇ ನಿಲ್ಲಿಸಿದಳು.

ಅಣ್ಣನ ಫೋನಿನಲ್ಲಿ ಆ ನಂಬರ್ ಹುಡುಕಿ ಕರೆ ಮಾಡಿದೆ. ಎಲ್ಲರಿಗೂ ಕೇಳಿಸಲೆಂದು ಸ್ಪೀಕರ್ ಹಾಕಿ ಕೈಯಲ್ಲಿ ಹಿಡಿದುಕೊಂಡೆ. ಎರಡನೇ ರಿಂಗಿಗೇ ಎತ್ತಿಕೊಂಡರು.

"ಪುಟ್ಟೂ? ಎಲ್ಲಿದ್ದೀಯೋ ಮಗನೇ?"

"ಅಮ್ಮಾ, ನಾನು ಪುಟ್ಟು ಅಲ್ಲ. ಅವರನ್ನೇ ಹುಡುಕ್ತಾ ಇದ್ದೀವಿ. ನಿಮಗೆ ಅವರು ಏನಾಗಬೇಕು?"

"ಏನಾಗಬೇಕು ಅಂದ್ರೆ? ನನ್ನ ಮಗ. ಬಡಗಿ ಕೆಲಸ ಮಾಡ್ತಾನೆ. ಕೆಲಸದ ಮನೆಯ ನಂಬರ್ ಕೊಟ್ಟು, ಮಂಗಳವಾರ ಹನ್ನೆರಡಕ್ಕೆ ಬರ್ತೀನಿ, ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ ಅಂದಿದ್ದ. ಸೀರೆ ಉಟ್ಕೊಂಡು ಬಾಗಿಲಲ್ಲೇ ಕೂತಿದ್ದೆ. ಬರಲೇ ಇಲ್ಲ. ಹದಿನೈದು ದಿನಕ್ಕೊಂದು ಸಲ ಬರೋದನ್ನ ತಪ್ಪಿಸಿದವನಲ್ಲ ಅವನು."

ಟೈಲರಮ್ಮ ಗೋಡೆಗೆ ಕೈಕೊಟ್ಟು ನಿಂತಳು.

"ಅತ್ತೆ," ಎಂದಳು ನನ್ನ ಕಿವಿಗೆ ಮಾತ್ರ ಕೇಳುವಷ್ಟು. "ಅಕ್ಕಾ, ಇದು ಅತ್ತೆಯ ದನಿ."

ಆರು ವರ್ಷದ ಹಿಂದೆ ತೀರಿಕೊಂಡವರು ನನ್ನ ಅಂಗೈ ಮೇಲಿಂದ ಮಾತಾಡುತ್ತಿದ್ದರು. ಬಡಗಿ ಇಲ್ಲಿಂದ ಹೊರಟದ್ದು ತಾಯಿಯ ಮನೆಗೆ, ಆದರೆ ಅಲ್ಲಿಗೂ ತಲುಪಿರಲಿಲ್ಲ.

"ಅಮ್ಮಾ, ನಿಮ್ಮ ಮಗನ ಮನೆಯಲ್ಲಿ ಬೇರೆ ಯಾರಾದ್ರೂ..." ಎಂದು ಶುರುಮಾಡಿದೆ.

"ಯಾರಿದ್ದಾರೆ ತಾಯಿ ಅವನಿಗೆ? ಹೆಂಡತಿ ಸತ್ತು ಆರು ವರ್ಷ ಆಯ್ತು. ಆ ಹುಡುಗಿ ಬದುಕಿದ್ದಾಗ ನಾನೂ ನೆಟ್ಟಗೆ ಮಾತಾಡಿಸಲಿಲ್ಲ. ಈಗ ಅವನಿಗೆ ನಾನು, ನನಗೆ ಅವನು." ದನಿ ಒಮ್ಮೆ ನಿಂತಿತು. "ಅಲ್ಲಿ ಯಾರೋ ಅಳ್ತಾ ಇದ್ದಾರಲ್ಲ, ಯಾರದು?"

ಅಣ್ಣತಮ್ಮಂದಿರಿಬ್ಬರೂ ಕಕ್ಕಾಬಿಕ್ಕಿಯಾಗಿ ಟೈಲರಮ್ಮನನ್ನು ನೋಡುತ್ತಿದ್ದರು. ತಮ್ಮ ತನಗರಿವಿಲ್ಲದೆ ಅಣ್ಣನ ತೋಳು ಹಿಡಿದುಕೊಂಡಿದ್ದ. ಫೋನ್ ಕಟ್ ಮಾಡಿಬಿಡಲೇ ಎಂದುಕೊಂಡೆ. ಅಷ್ಟರಲ್ಲಿ ಟೈಲರಮ್ಮ ಕಣ್ಣೊರೆಸಿಕೊಂಡು ಕೈ ಚಾಚಿದಳು. ತಡೆಯುವ ಅಧಿಕಾರ ನನಗಿರಲಿಲ್ಲ, ಕೊಟ್ಟೆ.

"ನಾನು ಅತ್ತೆ," ಎಂದಳು. "ನಿಮ್ಮ ಸೊಸೆ. ನಾನು ಸತ್ತಿಲ್ಲ."

ಆ ಕಡೆಯಿಂದ ಮತ್ತೆ ಮಾತು ಬಂದಾಗ ದನಿಯಲ್ಲಿ ಮುದಿತನವಿರಲಿಲ್ಲ, ನಡುಕವೂ ಇರಲಿಲ್ಲ.

"ಹಾಗಾದ್ರೆ ಅವನು ನಿನ್ನ ಕಂಡ್ರೆ, ನೀನು ಸತ್ತೆ ಅಂತ ನನಗೆ ಸುಳ್ಳು ಹೇಳೋಷ್ಟು ಹೆದರ್ತಿದ್ದ ಅಂತಾಯ್ತು," ಎಂದರು ಅತ್ತೆ. "ಈಗ ಹೇಳು. ನನ್ನ ಮಗನ್ನ ಏನು ಮಾಡಿದೆ?"